ಮನೆ ಕೊಂಡವರಿಗೆ ಒಂದು ಚೀಟಿ

ಹಿಂಬಾಗಿಲನ್ನು ತುಸು ಎತ್ತಿ ಹಿಡಿದು ಬೀಗ ತಿರುಗಿಸಿ.
ನೆಲಮಾಳಿಗೆಯ ಹೀಟರಿಗೆ ಅಕ್ಟೋಬರಿನಲ್ಲೊಮ್ಮೆ ಜಾಳಿಗೆ ಬದಲಿಸಿ,
ಹೊಸವು ಎರಡು ಕಪಾಟಿನ ಮೇಲಿವೆ.
ಮನೆಯ ಮಾತು ಇಷ್ಟೇ. ಉಳಿದದ್ದು
ಬಡಗಣ ಇಳಿಜಾರಿನದು.
ಕ್ರಯಪತ್ರದಲ್ಲಿ ಅದನ್ನು ಬರೆದಿಲ್ಲ,
ಬೆಲೆಯಲ್ಲಿ ಹಿಡಿದಿಲ್ಲ.

ನೀವು ಬಂದು ನೋಡಿದ್ದು ಆಗಸ್ಟಿನಲ್ಲಿ.
ಆಗ ಅಲ್ಲೇನೂ ಇರಲಿಲ್ಲ, ನಿಜ:
ಮೇಪಲ್ ಮರದಡಿ ತರಗೆಲೆ,
ತುಕ್ಕು ಹಿಡಿದ ಕೋಳಿಬಲೆ.
‘ಇದನ್ನೆಲ್ಲ ಬಳಿದುಹಾಕಿ ಹುಲ್ಲು ಬೆಳೆಸಬಹುದು’
ಅಂದರು ನಿಮ್ಮ ಯಜಮಾನರು.
ನಾನು ಕೆಮ್ಮಿದೆ.
ಕೆಮ್ಮೇನೂ ಬಂದಿರಲಿಲ್ಲ.

ಬಳಿಯಬೇಡಿ.
ಆ ಎಲೆಗಳ ಕೆಳಗೆ ಟ್ರಿಲಿಯಮ್ ಮಲಗಿದೆ,
ನಲವತ್ತೊಂದು ಗಡ್ಡೆ.
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಎಣಿಸದೆ ಯಾವ ಬಾಗಿಲನ್ನೂ ಮುಚ್ಚಿದವಳಲ್ಲ.

ಏಪ್ರಿಲಿನಲ್ಲಿ, ಮೇಲಿನ ಕೊಂಬೆಗಳು ಕಣ್ಣು ಬಿಡುವ ಮೊದಲು
ಮೂರು ನಾಲ್ಕು ವಾರ ಬಿಸಿಲು ನೆಲ ಮುಟ್ಟುತ್ತದೆ.
ಅಷ್ಟೇ ಅದರ ವರ್ಷದ ಗಳಿಕೆ.
ಮೂರೆಲೆ, ನಡುವೆ ಒಂದೇ ಹೂ, ಮೂರೇ ಎಸಳು.
ಮೊದಲು ಬಿಳಿ. ಆಮೇಲೆ ಮುಪ್ಪಾಗುತ್ತ, ಮುಪ್ಪಾಗುತ್ತ,
ಯಾರೋ ಏನೋ ಅಂದರೆಂಬಂತೆ
ಕೆನ್ನೆ ಕೆಂಪಾಗುತ್ತದೆ.

ಕೀಳಬೇಡಿ. ಹೂವಿನ ಜೊತೆ ಎಲೆಯೂ ಬಂದುಬಿಡುತ್ತದೆ,
ಎಲೆ ಹೋದರೆ ಗಡ್ಡೆಗೆ ಊಟವಿಲ್ಲ.
ಗೊಬ್ಬರ ಬೇಡ. ನೀರು, ಜುಲೈ ತೀರಾ ಸುಟ್ಟರೆ ಮಾತ್ರ.
ಜಿಂಕೆ ನೋಡಲು ಸಾಧು.
ಕೋಳಿಬಲೆಯನ್ನು ತೆಗೆಯಬೇಡಿ.

ಮೊದಲ ಮೂರು ಗಿಡ ಡೆಂಜಿಲ್‌ನ ಊಟದ ಡಬ್ಬಿಯಲ್ಲಿ ಬಂದವು.
ಹೆದ್ದಾರಿಗೆಂದು ಆಚೆ ಗುಡ್ಡ ಕಡಿಯುತ್ತಿದ್ದರು.
ಬುಲ್ಡೋಜರ್ ಮೇಲೆ ಕೂತಿದ್ದವನು ಅವನೇ.
ಇಳಿದು, ಬೆರಳಿನಿಂದ ತೋಡಿ,
ಮಣ್ಣಿನ ಸಮೇತ ಎತ್ತಿಟ್ಟುಕೊಂಡು,
ಮತ್ತೆ ಹತ್ತಿ
ಕೆಲಸ ಮುಂದುವರಿಸಿದ.
ಅದರ ಬಗ್ಗೆ ನಾವು ಹೆಚ್ಚು ಮಾತಾಡಲಿಲ್ಲ.
ಆ ಡಬ್ಬಿಯನ್ನು ಅವನು ಮತ್ತೆ ಊಟಕ್ಕೆ ಒಯ್ಯಲಿಲ್ಲ.

ಬೀಜ ಜೂನ್ ಕೊನೆಗೆ. ಒಣಗಲು ಬಿಡದೆ ಅಂದೇ ಊರಿ.
ಮೊದಲ ವಸಂತ ಏನೂ ಕಾಣುವುದಿಲ್ಲ,
ಒಳಗೊಳಗೇ ಬೇರು ಬಿಟ್ಟಿರುತ್ತದೆ.
ಮರುವರ್ಷ ಹುಲ್ಲಿನಂಥದ್ದೊಂದು ಎಳೆ: ಕಳೆಯೆಂದು ಕಿತ್ತೀರಿ ಜೋಕೆ,
ನಾನು ಕಿತ್ತಿದ್ದೇನೆ.
ಹೂವಿಗೆ ಏಳು ವರ್ಷ. ಕೆಲವಕ್ಕೆ ಒಂಬತ್ತು.

ನೀವು ಊರದಿದ್ದರೂ ಇರುವೆಗಳು ಊರುತ್ತವೆ.
ಬೀಜದ ತುದಿಯ ಎಣ್ಣೆಗೆ ಆಸೆಪಟ್ಟು ಹೊತ್ತೊಯ್ದು,
ಎಣ್ಣೆ ತಿಂದು, ಬೀಜವನ್ನು ತಿಪ್ಪೆಗೆ ಎಸೆಯುತ್ತವೆ.
ಅವಕ್ಕೆ ಸರ್ವೆ ನಕ್ಷೆ ಗೊತ್ತಿಲ್ಲ.

ಪಕ್ಕದ ಆರ್ವಿಲ್ ಸ್ಟ್ಯಾಂಪರ್ ವಿಷಯ ಹೇಳಲೇಬೇಕು.
ಬೇಲಿ ಎರಡಡಿ ನಮ್ಮ ಕಡೆ ಸರಿಯಬೇಕೆಂದು ಅವನು,
ಅವನ ಕಡೆ ಸರಿಯಬೇಕೆಂದು ನಾವು.
ಹನ್ನೊಂದು ವರ್ಷ ಮಾತಿಲ್ಲ, ಕಥೆಯಿಲ್ಲ.
ಡೆಂಜಿಲ್‌ನ ಮಣ್ಣಿಗೂ ಅವನು ಬರಲಿಲ್ಲ.
ಶನಿವಾರ ಶನಿವಾರ ಹುಲ್ಲು ಕತ್ತರಿಸುವ ಯಂತ್ರ ತಂದು
ಬೇಲಿಯ ಬುಡದವರೆಗೂ ಬೋಳಿಸುತ್ತಿದ್ದ.

ಆಮೇಲೊಂದು ಏಪ್ರಿಲ್, ಅಡುಗೆಮನೆಯ ಕಿಟಕಿಯಿಂದ ನೋಡಿದೆ:
ಯಂತ್ರ ಬೇಲಿಯತ್ತ ಬಂತು.
ನಿಂತಿತು.
ಸುತ್ತು ಹಾಕಿಕೊಂಡು ಹೋಯಿತು.
ಅವನ ಹುಲ್ಲುಹಾಸಿನ ನಡುವೆ ತಟ್ಟೆಯಗಲ ಕತ್ತರಿಸದ ಜಾಗ,
ಅದರಲ್ಲಿ ಒಂಟಿ ಬಿಳಿ ಹೂ.

ಈಗ ಅಲ್ಲಿ ಆರಿವೆ.
ಅವನಿಗೂ ಒಂದು ಕೋಳಿಬಲೆ ಬಂದಿದೆ.
ಈಗಲೂ ಮಾತಿಲ್ಲ.
ನಿಮ್ಮ ಜೊತೆ ಆಡಿಯಾನು.
ಆಡಿದರೆ, ಆರನ್ನೂ ನಾನು ಎಣಿಸಿದ್ದೇನೆಂದು
ಹೇಳಬೇಡಿ.

ನನ್ನ ಮೊಣಕಾಲು ಈ ಇಳಿಜಾರು ಒಲ್ಲೆನ್ನುತ್ತಿದೆ.
ಡೇಟನ್ನಿನಲ್ಲಿ ತಂಗಿಯ ಮನೆ ನೆಲಮಟ್ಟದ್ದು,
ಸುತ್ತ ಬರೀ ಕಾಂಕ್ರೀಟು, ಪರವಾಗಿಲ್ಲ.
ಈ ಜೂನಿನ ಬೀಜ ಪಂಪಿನ ಹಿಂದೆ ಊರಿದ್ದೇನೆ,
ಗುರುತಿಗೆ ಒಂದು ಚಮಚ ನಿಲ್ಲಿಸಿದೆ.
ಅದು ಒಳ್ಳೆಯ ಚಮಚವೇನಲ್ಲ.

ಕೀಲಿಕೈ ಮೂರಿವೆ.
ಮೂರನೆಯದು ಯಾವ ಬೀಗದ್ದೋ
ನನಗೂ ಗೊತ್ತಾಗಲಿಲ್ಲ.

ವರ್ಲಾ