ಸದ್ದಿಲ್ಲದೆ ಒಡೆಯುವ ಬಗೆ

ಫೋನಿನಲ್ಲಿ ಚಿತ್ರ ತೋರಿಸುತ್ತ ಸ್ಪಂದನಾ ಹೇಳಿದ್ದಳು:
ಗುಲಾಬಿ ಬೇಡ, ನೀಲಿ ಬೇಡ,
ಮಿರಮಿರ ಮಿಂಚುವ ಆ ಜಾಲರಿ ಬೇಡವೇ ಬೇಡ.
ಬೂದು, ಸಾಸಿವೆ, ಹಾಲಿನ ಕೆನೆ. ಅಷ್ಟೇ ಅಕ್ಕ.
ಅವಳ ಅತ್ತೆ ಬಾಗಿಲಲ್ಲೇ ನಿಂತು
'ಮೊದಲ ಹುಟ್ಟಿದಬ್ಬಕ್ಕೆ ಬೂದಿ ಬಣ್ಣವಾ?' ಎಂದರು.
ನಾನು ಅಡ್ವಾನ್ಸ್ ಎಣಿಸಿಕೊಂಡೆ.
ಪೆನ್ಷನ್ ಮೊಹಲ್ಲಾದಲ್ಲಿ ನನ್ನನ್ನು ಬಲೂನ್ ಜರೀನಾ ಅನ್ನುತ್ತಾರೆ,
ಬಣ್ಣದ ಜಗಳದಲ್ಲಿ ನಾನು ಯಾರ ಕಡೆಯೂ ಅಲ್ಲ.

ಮುನ್ನೂರ ಇಪ್ಪತ್ತು ಬಲೂನು.
ಪಂಪು ಕೊಳ್ಳುವ ಮುಂಚೆ ಬಾಯಲ್ಲೇ ಊದುತ್ತಿದ್ದೆ,
ಒಂದೊಂದು ಕಮಾನಿಗೂ ಎದೆಯೊಳಗಿನ ಒಂದು ದಿನ ಖರ್ಚಾಗುತ್ತಿತ್ತು.
ಈಗ ಕರೆಂಟು ಊದುತ್ತದೆ, ನಾನು ಗಂಟು ಹಾಕುತ್ತೇನೆ.
ಸಾಲಗಾಮೆ ರಸ್ತೆಯ ಆ ಹೊಸ ಮನೆಯಲ್ಲಿ
ಬೆತ್ತದ ತೊಟ್ಟಿಲು, ಲಿನನ್ ಜುಬ್ಬ,
ಹಲ್ಲು ಬರುವಾಗ ಕಚ್ಚಲು ಮರದ ಉಂಗುರ.
'ಪ್ಲಾಸ್ಟಿಕ್ ಒಂದೂ ತರಲಿಲ್ಲ ಅಕ್ಕ' ಅಂದಳು,
ನನ್ನ ಚೀಲ ನೋಡಿ ಸುಮ್ಮನಾದಳು.
'ರಬ್ಬರು ಮರದ್ದೇ ಅಲ್ಲವೇನಮ್ಮ' ಎಂದೆ. ನಕ್ಕಳು.
ಕಪಾಟಿನಲ್ಲಿ ಗಿಲಕಿಗಳೇ ಏಳು.
ಒಂದು ಮಗುವಿಗೆ ಏಳು ಯಾಕೆ ಅಂತ ಕೇಳಬೇಕೆನಿಸಿತು,
ಕೇಳಲಿಲ್ಲ.

ಥರ್ಮೋಕೋಲಿನಲ್ಲಿ ಹೆಸರು ಕೊರೆದು ನಿಲ್ಲಿಸಿದೆ: ನಿಹಾಂತ್.
ಅಜ್ಜಿ ಕರೆಯುವುದು ಗುಂಡ ಅಂತ.
ಎರಡಕ್ಕೂ ತಿರುಗುವವನಲ್ಲ.
'ಗಂಡು ಮಕ್ಕಳು ಎಲ್ಲದರಲ್ಲೂ ತಡ, ಇವರಪ್ಪನೂ ಹಿಂಗೇ.'

ರಾಗಿ ಬೆಲ್ಲದ ಕೇಕು, ಮೇಲೆ ಒಂದೇ ಒಂದು ಬಿಳಿ ಹೂವು.
ಅರಸೀಕೆರೆಯಿಂದ ಬಂದಿದ್ದ ಯಾರದೋ ತುಂಟ
ಕೇಕಿನ ಫೋರ್ಕಿನಿಂದಲೇ ಕಮಾನಿಗೆ ಚುಚ್ಚಿದ.
ಢಂ.
ಮಕ್ಕಳೆಲ್ಲ ಒಟ್ಟಿಗೆ ಅತ್ತವು, ಒಂದು ತಟ್ಟೆ ಬಿತ್ತು,
ತಾತ ಎದೆ ಹಿಡಿದುಕೊಂಡರು.
ಕಮಾನಿನ ಕೆಳಗೇ ಕೂತಿದ್ದ ನಿಹಾಂತ್
ದಾರಕ್ಕೆ ಜೋತುಬಿದ್ದ ಸಾಸಿವೆ ಬಣ್ಣದ ಚಿಂದಿ ನೋಡಿ
ಕೈ ಚಾಚಿ ಬಾಯ್ತುಂಬ ನಗುತ್ತಿದ್ದ.
'ಧೈರ್ಯ ನೋಡಿ, ಸಿಂಹದ ಮರಿ!'
ಅಷ್ಟೂ ಫೋನುಗಳು ಅವನ ಕಡೆ ತಿರುಗಿದವು.
ಅವನಮ್ಮ ಮಾತ್ರ ನನ್ನನ್ನು ನೋಡಿದಳು.
ನಾನು ಬಗ್ಗಿ, ಕೈಯಲ್ಲೇ ಇದ್ದ ಟೇಪನ್ನು ನೆಲದಲ್ಲಿ ಹುಡುಕಿದೆ.

ಮಾರನೆಯ ಬೆಳಗ್ಗೆ ಬಿಚ್ಚಲು ಹೋದೆ.
ಬಡವರ ಊಟಿಯ ಚಳಿ, ಒಂಬತ್ತಾದರೂ ಬಿಸಿಲು ಮಹಡಿ ಇಳಿದಿರಲಿಲ್ಲ.
ಬಲೂನು ಸದ್ದಿಲ್ಲದೆ ಒಡೆಯಲು ಒಂದು ಬಗೆಯಿದೆ:
ಮೈಗೆ ಬೆರಳಗಲ ಟೇಪು ಹಚ್ಚಿ, ಅದರ ಮೇಲೆ ಸೂಜಿ ಚುಚ್ಚಬೇಕು.
ಅದು ಒಡೆಯುವುದಿಲ್ಲ, ನಿಟ್ಟುಸಿರು ಬಿಡುತ್ತದೆ,
ಬಿಟ್ಟೂ ಬಿಟ್ಟೂ ಅಂಗೈಯಲ್ಲಿ ಮುದುಡುತ್ತದೆ.
ಎಷ್ಟೋ ಮನೆಗಳಲ್ಲಿ ಮಕ್ಕಳು ಮಲಗಿರುತ್ತವೆ,
ಅದಕ್ಕೇ ಕಲಿತದ್ದು.

ಅರವತ್ತಾಗಿತ್ತೇನೋ.
ಸ್ಪಂದನಾ ಮಗನನ್ನು ತಂದು ಚಾಪೆಯ ಮೇಲೆ ಕೂರಿಸಿದಳು,
ನನಗೆ ಬೆನ್ನು ಮಾಡಿ.
ಅಡುಗೆಮನೆಯಲ್ಲಿ ಅತ್ತೆಯ ಮಿಕ್ಸಿ ನಿಲ್ಲುವವರೆಗೆ ಕಾದಳು.
'ಅಕ್ಕಾ, ಟೇಪು ಹಚ್ಚದೆ ಒಂದು ಒಡೀರಿ.'

ಇಷ್ಟು ವರ್ಷ ಒಡೆಯದಂತೆ ನೋಡಿಕೊಂಡ ಕೈ ನನ್ನದು.
ಸೂಜಿ ಎರಡು ಸಲ ಜಾರಿತು.

ಒಡೆದೆ. ಬೀದಿಯಲ್ಲಿ ನಾಯಿ ಬೊಗಳಿತು.
ಅವನು ತಿರುಗಿದ,
ಸದ್ದಿಗೋ, ಕತ್ತಿಗೆ ತಾಗಿದ ಗಾಳಿಗೋ.
ನಾವಿಬ್ಬರೂ ಉಸಿರಾಡಲಿಲ್ಲ.
ಆಮೇಲೆ ಅವಳು ಚಾಪೆ ಸಮೇತ ಅವನನ್ನು
ಎರಡು ಮಾರು ದೂರಕ್ಕೆ ಎಳೆದು,
'ಇನ್ನೊಂದು' ಎಂದಳು.