ಹೊಟ್ಟಿ ಸೀಳಿದ ಅಕ್ಷರ

ಧಾರವಾಡದ ಗುಡ್ಡದ ಮ್ಯಾಲ ನನ್ನ ಬ್ರಷ್ಷಿಗೆ ಕೆಲಸಿಲ್ಲ,
ಅಲ್ಲಿ ಹೆಸರು ಕಲ್ಲಾಗ ಕೊರದಾರ.
ನಾ ಬರದದ್ದು ಬರೇ ‘ಹೂ ಹರಿಯಬಾರದು’,
ಅದರ ಬಿಲ್ಲೂ ಆರು ತಿಂಗಳಿಗೆ ಬಂತು.

ಕೃಷಿಯವರ ಹೊಲದಾಗ ಅಂಗೈಯಗಲದ ತಗಡು:
ಜೋಳದ ತಳಿ, ನಂಬರು, ಬಿತ್ತಿದ ತಾರೀಖು.
ನೂರಾ ನಲವತ್ತು ತಗಡು.
ಜೋಳಕ್ಕ ಓದಾಕ ಬರತೈತೇನ್ರಿ ಅಂತ ಕೇಳಿದ್ದಕ್ಕ
ಸರ್ ನಕ್ಕು ಚಾ ಕುಡಿಸಿದರು.

ನಾಗಾವಿಯಾಗ ಹೊಲಸು ಗಾಳಿ. ಹಸೀ ಬಣ್ಣಕ್ಕ ಧೂಳ ಕುಂತು
‘ಗ್ರಾಮೀಣ’ ಅನ್ನೂದು ತಾನ ಮಣ್ಣಿನ ಬಣ್ಣಕ್ಕ ತಿರುಗಿತು.
ಅಳಸಲಿಲ್ಲ. ಛಲೋ ಕಾಣತಿತ್ತು.

ನಮ್ಮ ಹಾವೇರಿ ಪಾಳಿ ಬಂದದ್ದು ಕಡೀಕ.
ಪಿ.ಜಿ. ಸೆಂಟರ್ ಇದ್ದದ್ದು ವಿಶ್ವವಿದ್ಯಾಲಯ ಆತಂತ,
ಕೆರಿಮತ್ತಿಹಳ್ಳಿಗೆ ಏಣಿ ಹೊತಗೊಂಡು ಬಾ ಅಂದರು,
ಮುಂಜಾನೆ ದೊಡ್ಡವರು ಬರತಾರ.
ಏಳನೇತ್ತ ಬಿಟ್ಟವ ನಾ. ‘ವಿಶ್ವ’ಕ್ಕ ಒಂದು ತಾಸು ಹಿಡೀತು,
ಒತ್ತಿಗೆ ಒತ್ತು ತಾಗಧಂಗ ಬರದು,
ಬೆಳಕು ಹೋಗೂ ಹೊತ್ತಿಗೆ
‘ದಾವಲ ಆರ್ಟ್ಸ್’ ಅಂತ ಮೂಲ್ಯಾಗ ಸಣ್ಣಗ ಸಹಿ ಹಾಕಿ ಇಳದೆ.

ಎರಡು ವರ್ಷ. ಅದರ ಬುಡಕ ಎಷ್ಟು ಡಾಕ್ಟರೇಟು ಹಾದು ಹೋದವು!
ಬೋರ್ಡು ಕಾಣಧಂಗ ಬಿಡಬ್ಯಾಡ ಅಂತ ಹೇಳಿ
ಫೋಟೋ ಹೊಡಸ್ಕೊಂಡರು.

ಒಂದಿನ ಅಂಗಡಿಗೆ ಬಂದಳು ಒಬ್ಬಾಕಿ,
ಗುತ್ತಲದ ಬಸ್ಸಿನ ಧೂಳು ಇನ್ನಾ ಚೀಲದ ಮ್ಯಾಲ.
ಫಕ್ಕೀರವ್ವ ಮಡ್ಲೂರ, ಎಂ.ಎ. ಮೊದಲನೇ ವರ್ಷ.
‘ಕಾಕಾ, ವಿದ್ಯಾದ ದಕಾರದ ಹೊಟ್ಟಿ ಯಾಕ ಸೀಳೀರಿ?’
ನನಗ ತಿಳೀಲಿಲ್ಲ. ರಸೀದಿ ಹಿಂದ ಎರಡೂ ಬರದು ತೋರಿಸಿದಳು:
ಒಂದರ ಹೊಟ್ಟಿ ತುಂಬಿತ್ತು,
ಒಂದಕ್ಕ ಗಾಯ.

‘ಸರ್ ಮಂದಿಗೆ ಹೇಳಬೇಕಿತ್ತಲ್ಲವಾ?’
‘ಇಂಟರ್ನಲ್ ಮಾರ್ಕ್ಸು ಅವರ ಕೈಯಾಗ ಅದಾವ ಕಾಕಾ.’

ಐತವಾರ ಹೋದೆ. ಗೇಟ್ ಕಾಯವ ಏಣಿ ಹಿಡದ.
ಒಂದು ಚಮಚಾ ನೀಲಿ, ಚೂರು ಬಿಳಿ.
ಬಣ್ಣ ಆರೂತನಕ ಮ್ಯಾಲ ಕುಂತು ನೋಡಿದೆ:
ಹಾಸ್ಟೆಲ್ ಕಟಾಂಜನದಾಗ ಒಣಗೂ ದುಪಟ್ಟಾ,
ಯಾರೋ ಓಡ್ಯಾಡಕೋತ ಜೋರಾಗಿ ಓದತಿದ್ದರು,
ತಪ್ಪಿದಲ್ಲೇ ಮತ್ತ ಮತ್ತ ತಪ್ಪತಿದ್ದರು.

ಈಗ ಚಾದಂಗಡ್ಯಾಗ ಮಾತು:
ಇದನ್ನ ತಿರುಗಿ ಹಳೇದಕ್ಕ ಕೂಡಸ್ತಾರಂತ,
ಬೋರ್ಡ್ ಅಳಸ್ತಾರಂತ. ಖರೇನೋ, ಸುಳ್ಳೋ.
ಅಳಸಾಕ ನನ್ನನ್ನ ಕರದರ
ರೇಟು ಬರಿಯೂದಕ್ಕಿಂತ ಮೂರು ಪಟ್ಟು ಹೇಳಾವ ನಾ.

ಇಳೀಬಿಸಲಾಗ ನಿಂತು ನೋಡಿದರ
ಆ ದಕಾರದ ಬುಡಕ ಒಂದು ತ್ಯಾಪಿ ಕಾಣತೈತಿ.
ಹೊಸಾ ನೀಲಿ
ಹಳೇ ನೀಲಿಗೆ ಇನ್ನಾ ಹೊಂದಿಲ್ಲ.