ಊದು

ಮೊದಲು ಬಂದದ್ದು ಕೈ. ಬಂದು ಕೀಲಿ ಕಿತ್ತುಕೊಂಡಿತು.
ಆಮ್ಯಾಲ ಬ್ಯಾಟರಿ ಬೆಳಕು, ಆಮ್ಯಾಲ ಮುಖ,
ಕೊನಿಗೆ ಮಾತು:
ಊದು.

ಅಸ್ಕಿಹಾಳದ ತಿರುವು, ರಾತ್ರಿ ಹನ್ನೆರಡೂಕಾಲು.
ಮಾಘ ಮಾಸ, ಚಳಿ ಇನ್ನೂ ಕಾಲು ಕಿತ್ತಿಲ್ಲ.
ಹಳದಿ ಬ್ಯಾರಿಕೇಡಿನ ಮ್ಯಾಲ ಯಾವುದೋ ಬಂಗಾರದಂಗಡಿ ಹೆಸರು,
ಅದರ ಬುಡಕ್ಕ ಲಾರಿ ಉದುರಿಸಿ ಹೋದ ಹತ್ತಿ ಎಳಿ.
ಕಲ್ಮಲದ ಮದುವಿ ಮೆರವಣಿಗಿ ಮುಗಿಸಿ ಬಂದೀನಿ,
ಮೈಮ್ಯಾಲ ಬ್ಯಾಂಡ್ ಕಂಪನಿ ಕೆಂಪು ಕೋಟು,
ಭುಜಕ್ಕ ಜರಿ ಜಾಲರಿ, ಬೆನ್ನಿಗೆ ಕ್ಲಾರ್ನೆಟ್ಟಿನ ಪೆಟ್ಟಿಗಿ.
ನಾಕು ತಾಸು ಊದಿದ ತುಟಿ
ಇನ್ನೂ ತನ್ನ ಆಕಾರಕ್ಕ ಬಂದಿಲ್ಲ.

ಊದು ಅಂತಾನ ಪೇದೆ, ನನ್ನ ಮಗನ ವಯಸ್ಸಿನಾಂವ.
ಊದೋದು ನನ್ನ ಕಸುಬು, ಸಾಹೇಬ್ರ.
ಒಂದು ಮೆರವಣಿಗಿಗೆ ಒಂಬೈನೂರು ತಗೋತೀನಿ.
ಪುಕ್ಕಟೆ ಊದಿದ್ದು ಎರಡೇ ಸಲ:
ಮಗಳು ಹುಟ್ಟಿದ ದಿನ,
ಮತ್ತ ಮೌಲಾಸಾಬನ ನಲವತ್ತನೇ ದಿನ, ಗೋರಿಯಿಂದ ದೂರ ನಿಂತು.

ಇದೆಲ್ಲಾ ಬಾಯೊಳಗೇ ಇತ್ತು. ಹೊರಗ ಅಂದದ್ದು,
ನಳಿಗಿ ಹೊಸಾದು ಹಾಕ್ರೀ.
ಅವ ನಕ್ಕ. ಹಾಕಿದ.
ಕಾಗದದ ಲೋಟದಾಗ ನೀರು ಕೊಡೋ ಮನಿಗಳ ಮುಂದ
ಇಷ್ಟು ವರ್ಷ ಊದೀನಿ;
ಎಂಜಲದ ಲೆಕ್ಕ ನನಗ ಗೊತ್ತು.

ಕುಡಿದಿದ್ದೆ. ಸುಳ್ಳು ಯಾಕ.
ಮದುಮಗನ ಸೋದರಮಾವ ಒತ್ತಾಯದಿಂದ ಹಿಡಿಸಿದ ಒಂದು ಗ್ಲಾಸು.
ಅರ್ಧಕ್ಕ ಇಟ್ಟೆ. ಮುಕ್ಕಾಲಕ್ಕ ಇರಬೇಕು.
ಎದಿ ಸಡಲಾದ್ರ ಮ್ಯಾಲಿನ ಸ್ವರ ತಾನ ಬರತೈತಿ,
ಇದು ಡಾಕ್ಟರಿಗೆ ಹೇಳೋ ಮಾತಲ್ಲ, ಪೊಲೀಸರಿಗಂತೂ ಅಲ್ಲ.

ಆದ್ರ ಯಾವ ಕುಡುಕನಿಗೂ ಗೊತ್ತಿಲ್ಲದ್ದೊಂದು ನನಗ ಗೊತ್ತು:
ಕೆನ್ನಿಯೊಳಗ ಗಾಳಿ ಕೂಡಿಟ್ಟು
ಮೂಗಿನಿಂದ ಉಸಿರೆಳಕೊಂತ ಬಾಯಿಂದ ಊದೋದು.
ನೀರಿನ ಬಟ್ಟಲಾಗ ಪಪ್ಪಾಯಿ ದಂಟಿಟ್ಟು,
ಗುಳ್ಳಿ ನಿಲ್ಲಬಾರದು ನೋಡು ಅಂತ
ಉಸ್ತಾದರು ಎರಡು ವರ್ಷ ಕಲಿಸಿದ್ದು.
ಮಶೀನಿಗೆ ಬರೇ ಕೆನ್ನಿ ಗಾಳಿ ಕೊಟ್ಟು ಕಳಿಸಬಹುದಿತ್ತು,
ಎದಿಯೊಳಗಿನದು ಎದಿಯೊಳಗೇ.
ನನ್ನ ಉಸಿರು, ನನ್ನ ಮಾಲು.

ಕೆನ್ನಿ ಉಬ್ಬಿಸಿದೆ.

ಸಿರವಾರ ಕ್ರಾಸಿನಾಗ ಸಿಕ್ಕಾಗ
ಮೌಲಾಸಾಬನ ಟ್ರಂಪೆಟ್ಟು
ಚೀಟಿ ಮಡಚಿದಂಗ ಮಡಚಿತ್ತು.
ಜೀಪಿನಾಂವ ಕೆಳಗಿಳಿದು, ಗಿಡಕ್ಕ ಕೈಯೂರಿ,
ನಾ ಸರಿ ಇದ್ದೀನಿ, ನಾ ಸರಿ ಇದ್ದೀನಿ ಅಂತಿದ್ನಂತ.
ಆ ರಾತ್ರಿ ಯಾವ ತಿರುವಿನಾಗೂ ಯಾರೂ
ಅವನ ಕೀಲಿ ಕಿತ್ತುಕೊಂಡಿರಲಿಲ್ಲ.

ಕೆನ್ನಿ ಇಳಿಸಿದೆ.
ಹೊಕ್ಕಳದಿಂದ ಊದಿದೆ, ಮಶೀನು ಸಾಕು ಅನ್ನೋತನಕ,
ಅಂದ ಮ್ಯಾಲೂ ಒಂದೀಟು.

ಇಪ್ಪತ್ತೆಂಟು, ಅಂದ ಪೇದೆ. ಮೂವತ್ತರ ಒಳಗ ಐತಿ.
ಇಪ್ಪತ್ತೆಂಟಕ್ಕ ಹುಸೇನಪ್ಪ, ಮೂವತ್ತೊಂದಕ್ಕ ಕೇಸು.
ನಡುವಿನ ಸಂದಿನಾಗ
ಒಂದು ರೀಡು ತೂರಿಸಲಿಕ್ಕೂ ಜಾಗ ಇಲ್ಲ.

ಕೀಲಿ ಚಾಚಿದಾಂವ ಅರ್ಧಕ್ಕ ಕೈ ನಿಲ್ಲಿಸಿದ.
ಪೆಟ್ಟಿಗ್ಯಾಗ ಏನೈತಿ? ತೆಗಿ.
ಓಹೋ. ಒಂದು ಸಿನಿಮಾ ಹಾಡು ಊದು ನೋಡೂಣು,
ನಮಗೂ ನಿದ್ದಿ ಬರಾಕತ್ತೈತಿ.

ಇಲ್ರೀ, ಅಂದೆ.
ನನಗೇ ಹೊಸಾದಾಗಿ ಕೇಳಿಸಿತು.
ಮೊದಲಿನದು ರಸ್ತೆಗೆ ಕೊಟ್ಟೆ.
ಇದು ಬ್ಯಾರೆ ಉಸಿರು.

ಅವನ ಮುಖ ಬಿಗೀತು.
ಪ್ಲಾಸ್ಟಿಕ್ ಕುರ್ಚಿಯೊಳಗಿಂದ ಪಿಎಸ್ಐ ಮೇಡಂ
ರಿಜಿಸ್ಟರಿನಿಂದ ತಲಿ ಎತ್ತದೇ ಅಂದ್ರು:
ಯಂಕೋಬ, ಕೀಲಿ ಕೊಡು.

ಕೊಟ್ಟ.
ಗಾಡಿ ಚಾಲೂ ಮಾಡಲಿಲ್ಲ, ತಳ್ಳಿಕೊಂಡೇ ಹೊಂಟೆ.
ಸಿಯಾತಲಾಬ ಇನ್ನೂ ದೂರ ಐತಿ.
ಹೆದರಿಕಿಗೋ, ಮೌಲಾಸಾಬಗೋ, ಉಳಿದ ಆ ಎರಡು ಅಂಕಿಗೋ,
ಯಾರಿಗಂತ ತಳ್ಳಿದೆನೋ ಗೊತ್ತಿಲ್ಲ.
ಹಿಂದ ಮತ್ತೊಂದು ಗಾಡಿ ನಿಂತ ಸಪ್ಪಳ.
ಮತ್ತ ಅದೇ ಮಾತು,
ಈ ಸಲ ಅರ್ಧ ಸ್ವರ ಕೆಳಗ.
ನಿದ್ದಿ ಇರಬೇಕು ಪಾಪ.